ಹಳೇದು ಎಲ್ಲದ?

ಚಿತ್ತಾಪುರದ ಆ ಡಿಗ್ರಿ ಕಾಲೇಜಿನ ಹೆಸರು ಬೇಡ. ಹೇಳಿದರೆ ಅಲ್ಲಿ ಓದಿದವರೆಲ್ಲ ಎದ್ದು ಬಂದು ಅದು ಹಾಗಲ್ಲ, ಹೀಗೆ ಎಂದು ಜಗಳ ತೆಗೆಯುತ್ತಾರೆ. ಸ್ಟೋರು ನೋಡಿಕೊಳ್ಳುತ್ತಿದ್ದ ಶಾರದಾಬಾಯಿಯ ಹೆಸರನ್ನು ಮಾತ್ರ ಹೇಳಲೇಬೇಕು. ತೊಂಬತ್ತರ ದಶಕದಲ್ಲಿ ಆ ಕಾಲೇಜಿನ ಮೆಟ್ಟಿಲು ಹತ್ತಿದ ಯಾರನ್ನು ಕೇಳಿದರೂ ಮೊದಲು ನೆನಪಾಗುವುದು ಪಾಠವಲ್ಲ, ಸ್ಟೋರಿನ ಕಿಟಕಿಯಿಂದ ತೂರಿ ಬರುತ್ತಿದ್ದ ಅವರ ಪ್ರಶ್ನೆ.

"ಹಳೇದು ಎಲ್ಲದ?"

ಚಾಕ್‌ಪೀಸ್ ಬೇಕೆಂದರೆ ಸವೆದ ತುಂಡುಗಳನ್ನು ತರಬೇಕು. ಬಲ್ಬು ಬೇಕೆಂದರೆ ಸುಟ್ಟ ಬಲ್ಬು ತರಬೇಕು. ಕಸ ಗುಡಿಸುವ ಮಾಳಮ್ಮ ಹೊಸ ಕಸಬರಿಗೆ ಕೇಳಿದರೆ ಹಳೆಯದರ ಮೋಟು ತೋರಿಸಬೇಕು. ಮೋಟು ಇನ್ನೂ ಗೇಣುದ್ದ ಇದ್ದರೆ, "ಇದು ಇನ್ನೂ ಒಂದು ಹಬ್ಬ ಕಾಣ್ತದ, ಒಯ್ಯಿ" ಎಂದು ತಿರುಗಿ ಕಳಿಸುತ್ತಿದ್ದರು. ಕೆಮಿಸ್ಟ್ರಿ ಮೇಷ್ಟ್ರು ಒಡೆದ ಬೀಕರಿನ ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿ ತಂದು ಬೆರಳು ಕೊಯ್ದುಕೊಂಡಾಗ, ಬಾಯಿ ಚೂರು ಜಮಾ ಮಾಡಿಕೊಂಡು ಹೊಸ ಬೀಕರು ಕೊಟ್ಟರು, ಬೆರಳಿಗೆ ಅರಿಶಿಣವನ್ನೂ ಒತ್ತಿದರು. ಅರಿಶಿಣಕ್ಕೆ ಹಳೆಯದನ್ನು ಕೇಳಲಿಲ್ಲ. ಅಷ್ಟು ದಯೆ ಇತ್ತು.

ಈ ಪಾಠವನ್ನು ಅವರು ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ. ಹುಟ್ಟಿ ಬೆಳೆದದ್ದು ಚಿಂಚೋಳಿ ಕಡೆಯ ಚಿಮ್ಮನಚೋಡದಲ್ಲಿ. ಆಗ ಊರಿಗೆ ತಲೆಯ ಮೇಲೆ ಬುಟ್ಟಿ ಹೊತ್ತು ಭಾಂಡೆ ಮಾರುವ ಹೆಂಗಸೊಬ್ಬಳು ಬರುತ್ತಿದ್ದಳು. ದುಡ್ಡು ಮುಟ್ಟುತ್ತಿರಲಿಲ್ಲ. ಹಳೇ ಸೀರೆ, ಹಳೇ ಧೋತರ ಕೊಟ್ಟರೆ ಹೊಸ ಪಾತ್ರೆ. ಪುಟ್ಟ ಶಾರದಾ ಅವಳ ಬುಟ್ಟಿಯ ಪಕ್ಕ ಕೂತು, ಹರಕು ಬಟ್ಟೆ ಫಳಫಳ ಹೊಳೆಯುವ ತಂಬಿಗೆ ಆಗುವುದನ್ನು ಬಾಯಿಬಿಟ್ಟು ನೋಡುತ್ತಿದ್ದಳು. ಜಗತ್ತು ನಡೆಯಬೇಕಾದದ್ದೇ ಹೀಗೆ ಎಂದು ಆ ಹುಡುಗಿಗೆ ಆಗಲೇ ಖಾತ್ರಿಯಾಯಿತು. ಮುಂದೆ ಮದುವೆಯಾಗಿ, ಗುಡಿಯ ಪೂಜೆ ಮಾಡಿಕೊಂಡಿದ್ದ ಗಂಡ ಸುಮಧ್ವಾಚಾರ್ಯರು ಒಮ್ಮೆ ಹೊಸ ಧೋತರ ಬೇಕೆಂದಾಗಲೂ ಅದೇ ಪ್ರಶ್ನೆ ಬಂತು.

"ಹಳೇದು ಎಲ್ಲದ?"

"ಉಟ್ಟುಕೊಂಡೀನಲ್ಲ" ಎಂದರು ಆಚಾರ್ಯರು.

"ಉಟ್ಟುಕೊಳ್ಳಲಿಕ್ಕೆ ಬರ್ತದಂದ್ರ ಇನ್ನೂ ನಡೀತದ."

ಹತ್ತಿರ ಸಿಗುವ ವಸ್ತುವನ್ನು ದೂರದಿಂದ ತರಿಸಬಾರದು ಎಂಬುದು ಅವರ ಇನ್ನೊಂದು ಕಟ್ಟಳೆ. ಈಚಲ ಗರಿಯ ಕಸಬರಿಗೆ ಚಿಂಚೋಳಿ ಕಡೆಯಿಂದ ಬರಬೇಕು, ಕುಡಿಯುವ ನೀರಿನ ರಂಜಣಗಿ ಊರ ಕುಂಬಾರರ ಮನೆಯಿಂದ ಬರಬೇಕು, ಗಿಡದ ಕೆಳಗೆ ಹುಡುಗರು ಕೂರುವ ಕಟ್ಟೆಗೆ ಹಾಸುಗಲ್ಲು ಶಹಾಬಾದದ್ದೇ ಆಗಬೇಕು. ಇದಕ್ಕೆ ಅವರು ಕೊಡುತ್ತಿದ್ದ ಕಾರಣ ಒಂದೇ: "ಸಾಮಾನು ಕೆಟ್ಟರ ಬೈಲಿಕ್ಕೆ ಮನುಷ್ಯಾ ಕೈಗೆ ಸಿಗಬೇಕು." ಹರದಾರಿಗಟ್ಟಲೆ ದೂರದವನನ್ನು ಬೈಯಲು ಪೋಸ್ಟ್ ಕಾರ್ಡು ದಂಡ, ಪೋಸ್ಟ್ ಕಾರ್ಡಿನಲ್ಲಿ ದನಿಯೂ ಏರುವುದಿಲ್ಲ.

ಹಾಗೆ ಕೈಗೆ ಸಿಗುತ್ತಿದ್ದವರಲ್ಲಿ ಎಲ್ಲರಿಗಿಂತ ಹತ್ತಿರದವನು ಖಾಜಾ. ಕಾಲೇಜಿನ ಹಿಂದಿನ ಓಣಿಯ ಬಡಗಿ. ಕಾಲೇಜಿನಲ್ಲಿ ಹಳೆಯ ಕಾಲದ ಸಾಗವಾನಿ ಕುರ್ಚಿಗಳು ಒಂದು ದೊಡ್ಡ ಸಭಾ ಹಾಲಿನ ತುಂಬ ಇದ್ದವು. ಕೂರುವ ಜಾಗಕ್ಕೆ ಬೆತ್ತದ ಹೆಣಿಗೆ, ಇಡೀ ಕುರ್ಚಿಗೆ ಒಂದೂ ಮೊಳೆಯಿಲ್ಲ. ಕಾಲು ಕೈಗಳನ್ನೆಲ್ಲ ಮರದ ಸಣ್ಣ ಬೆಣೆಗಳೇ ಹಿಡಿದುಕೊಂಡಿದ್ದವು. ಪ್ರತಿ ಬೇಸಿಗೆ ರಜೆಗೆ ಶಾರದಾಬಾಯಿ ಕುರ್ಚಿಗಳನ್ನು ಎಣಿಸಿ, ಮುರಿದವನ್ನು ಬೇರೆ ಇಡಿಸುತ್ತಿದ್ದರು. ಖಾಜಾ ಬೇವಿನ ಗಿಡದ ನೆರಳಲ್ಲಿ ಕೂತು ಅವನ್ನು ದುರಸ್ತಿ ಮಾಡುತ್ತಿದ್ದ. ಮುರಿದಷ್ಟಕ್ಕೆ ಕೂಲಿ. ಮಳೆಗಾಲದಲ್ಲಿ ಊರಲ್ಲಿ ಬಡಗಿಯನ್ನು ಯಾರೂ ಕರೆಯುವುದಿಲ್ಲ. ಬೇಸಿಗೆಯ ಈ ಕೂಲಿಯಿಂದಲೇ ಅವನ ಮನೆಯ ಮಳೆಗಾಲದ ಜೋಳ ಬರಬೇಕು. ಅವನ ಹೆಂಡತಿ ಇಮಾಮ್‌ಬೀ ಒಮ್ಮೆ ಸ್ಟೋರಿನ ಕಿಟಕಿಗೆ ಬಂದು ಇದನ್ನು ಬಾಯಿಬಿಟ್ಟು ಹೇಳಿದ್ದಳು. "ನಾ ಈ ಸ್ಟೋರಿನಾಗ ಇರೂ ತನಕ ಕುರ್ಚಿ ಕೆಲಸ ಖಾಜಾನದೇ" ಎಂದು ಶಾರದಾಬಾಯಿ ಮಾತು ಕೊಟ್ಟಿದ್ದರು. ಮಾತು ಕೊಡುವ ವಿಷಯದಲ್ಲಿ ಅವರು ಬೀಕರು ಕೊಡುವಾಗಿನಷ್ಟೇ ಜಿಪುಣರು. ಆದ್ದರಿಂದ ಕೊಟ್ಟ ಒಂದೊಂದು ಮಾತೂ ಅವರಿಗೆ ನೆನಪಿರುತ್ತಿತ್ತು.

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಈ ಮಾತಿಗೆ ಕುತ್ತು ಬಂತು. ಹೊಸ ಪ್ರಿನ್ಸಿಪಾಲರು ಅಭಯ ಅಂತ, ವಯಸ್ಸು ಚಿಕ್ಕದು, ಅಂಗಿಗೆ ಇಸ್ತ್ರಿ ಜಾಸ್ತಿ. ಕಾಲೇಜಿಗೆ ದರ್ಜೆ ಕೊಡುವ ತಂಡವೊಂದು ಬರುವುದಿತ್ತು. ಪ್ರಿನ್ಸಿಪಾಲರು ಹಾಲಿಗೆ ಬಂದು ಕುರ್ಚಿಗಳನ್ನು ನೋಡಿ ಮೂಗು ಮುರಿದರು.

"ಇದೇನು ಮ್ಯೂಜಿಯಮ್ಮೇನ್ರಿ ಬಾಯಿ? ಬಣ್ಣದ ಪ್ಲಾಸ್ಟಿಕ್ ಕುರ್ಚಿ ತರಿಸೋಣ. ಹಗುರ ಇರ್ತಾವ, ಹಸಿರು ಕೆಂಪು ಚಂದ ಕಾಣ್ತಾವ."

"ತರಿಸ್ರಿ ಸರ್. ಹಳೇವು ಎಲ್ಲವ?"

"ಇವೇ ಹಳೇವು. ಕಂಡಂ ಮಾಡಿ ಲಿಲಾವಿಗೆ ಹಾಕ್ರಿ."

ಶಾರದಾಬಾಯಿಯ ಮಂತ್ರ ಅವರಿಗೇ ತಿರುಗಿ ಬಂದಿತ್ತು. ಆದರೆ ಕಾಲೇಜಿನ ನಿಯಮಗಳನ್ನು ಅವರು ವಿಷ್ಣು ಸಹಸ್ರನಾಮದಂತೆ ಬಾಯಿಪಾಠ ಮಾಡಿದ್ದರು. ಯಾವ ವಸ್ತುವನ್ನೂ ಸುಮ್ಮನೆ ಕಂಡಂ ಮಾಡುವ ಹಾಗಿಲ್ಲ, ಸಮಿತಿ ಅದನ್ನು ಬಳಸಿ ನೋಡಿ, ಕೆಲಸಕ್ಕೆ ಬಾರದು ಎಂದು ಸಹಿ ಮಾಡಬೇಕು. ಕುರ್ಚಿಯನ್ನು ಬಳಸುವುದೆಂದರೆ ಅದರ ಮೇಲೆ ಕೂರುವುದು. ಕೂರುವ ಕೆಲಸಕ್ಕೆ ಶಾರದಾಬಾಯಿ ಇತಿಹಾಸದ ಮೇಷ್ಟ್ರು ಅಮೀರ್ ಅಲಿಯವರ ಹೆಸರು ಸೂಚಿಸಿದರು. ಅಮೀರ್ ಅಲಿ ಕಾಲೇಜಿನಲ್ಲೇ ಎಲ್ಲರಿಗಿಂತ ಭಾರದ ಮನುಷ್ಯ. ಆಟೋದವರು ಅವರೊಬ್ಬರಿಗೇ ಎರಡು ಸೀಟು ಬಿಡುತ್ತಿದ್ದರು. ಅವರು ಕೂತರೂ ಮುರಿಯದ ಕುರ್ಚಿಯನ್ನು ಕೆಟ್ಟದ್ದು ಎಂದು ಯಾವ ಸಮಿತಿ ತಾನೇ ಬರೆದೀತು? ಬಾಯಿ ಒಳಗೊಳಗೇ ನಕ್ಕರು.

ಕುರ್ಚಿ ಪರೀಕ್ಷೆಯ ಹಿಂದಿನ ದಿನ ಖಾಜಾನನ್ನು ಕರೆಸಿದರು.

"ನಾಳೆ ಸಮಿತಿಯವರು ಕುರ್ಚಿ ನೋಡಲಿಕ್ಕೆ ಬರ್ತಾರ. ಹೋಗಿ ಎಲ್ಲಾ ಒಂದ ಸರ್ತಿ ನೋಡಿಕೊಂಡು ಬಾ."

"ನೋಡ್ತೀನ್ರಿ ಬಾಯಾರ. ನೀವೇನೂ ಫಿಕರ್ ಮಾಡಬ್ಯಾಡ್ರಿ" ಎಂದು ಖಾಜಾ ತನ್ನ ಮರದ ಸುತ್ತಿಗೆ, ಕೊಡತಿ, ಹಿಡಿದು ಹಾಲಿಗೆ ಹೋದ. ಸಂಜೆಯ ತನಕ ಟಕಟಕ ಸದ್ದು ಕೇಳುತ್ತಲೇ ಇತ್ತು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮರುದಿನ ಸಮಿತಿ ಸಾಲಾಗಿ ನಿಂತಿತು. ಅಮೀರ್ ಅಲಿ ಶೇರ್ವಾನಿಯ ಗುಂಡಿ ಬಿಚ್ಚಿ, ಬಿಸ್ಮಿಲ್ಲಾ ಎಂದು ಮೊದಲ ಕುರ್ಚಿಯ ಮೇಲೆ ಕೂತರು. ಕೂತದ್ದು ಕುರ್ಚಿಯ ಮೇಲೆ, ತಲುಪಿದ್ದು ನೆಲಕ್ಕೆ. ಕುರ್ಚಿಯ ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಮಲಗಿದವು. ಎರಡನೆಯದೂ ಹಾಗೇ. ಮೂರನೆಯದು ಅವರು ಕೂರುವ ಮೊದಲೇ, ಕೈ ಊರಿದ್ದಕ್ಕೇ ಶರಣಾಯಿತು.

"ಇತಿಹಾಸದಾಗ ಭಾಳ ಸಿಂಹಾಸನ ಬಿದ್ದಾವ," ಎಂದರು ಅಮೀರ್ ಅಲಿ ನೆಲದ ಮೇಲಿಂದಲೇ, "ಆದ್ರ ಒಂದೇ ದಿನ ಇಷ್ಟು ಬಿದ್ದದ್ದು ನಾ ಓದಿಲ್ಲ."

ಪ್ರಿನ್ಸಿಪಾಲರ ಮುಖದಲ್ಲಿ ದೀಪಾವಳಿ. ಎಲ್ಲವನ್ನೂ ಕಂಡಂ ಎಂದು ಬರೆಸಿ, ಎಲ್ಲರ ಸಹಿ ಹಾಕಿಸಿ, ಪ್ಲಾಸ್ಟಿಕ್ ಕುರ್ಚಿಗೆ ಅವತ್ತೇ ಫೋನು ಮಾಡಿದರು. ಶಾರದಾಬಾಯಿ ಬಿದ್ದ ಬೆಣೆಯೊಂದನ್ನು ಎತ್ತಿ ನೋಡಿದರು. ಬೆಣೆ ಮುರಿದಿರಲಿಲ್ಲ. ಯಾರೋ ಹೊಡೆದು ಸಡಿಲ ಮಾಡಿ, ಬಿದ್ದುಹೋಗದಂತೆ ತುದಿ ಮಾತ್ರ ಸಿಕ್ಕಿಸಿದ್ದರು. ಇಂಥ ನಾಜೂಕಿನ ಕೈ ಚಿತ್ತಾಪುರದಲ್ಲಿ ಒಂದೇ ಇತ್ತು.

ಖಾಜಾ ಸ್ಟೋರಿನ ಮುಂದೆ ಬಹುಮಾನಕ್ಕೆ ಬಂದವನಂತೆ ನಿಂತಿದ್ದ.

"ಏನು ಮಾಡಿದಿಯೋ ಮಾರಾಯಾ?"

"ನೀವು ಹೇಳಿದ್ದೇ ಮಾಡೀನ್ರಿ ಬಾಯಾರ. ನೋಡಿಕೊಂಡು ಬಾ ಅಂದ್ರಿ. ನೋಡಿಕೊಂಡೆ. ಈ ಸಾರಿ ಎಲ್ಲಾನೂ ಮುರದಾವ, ಎಲ್ಲಾ ಕೆಲಸ ನಮಗೇ."

"ಎಲ್ಲಾ ಕೆಲಸ? ಅವು ಲಿಲಾವಿಗೆ ಹೋಗ್ತಾವ. ಮುರೀಲಾರದ್ದು ತೋರಿಸಬೇಕಿತ್ತು. ಮುರದ್ರ ನಿನಗ ಕೆಲಸ ಅಂತ ಯಾರು ಹೇಳಿದರು?"

"ನೀವೇ ಹೇಳೀರಲ್ರಿ. ಮುರದಷ್ಟಕ್ಕ ಕೂಲಿ." ಖಾಜಾ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ಪ್ರತಿ ವರ್ಷ ನೀವು ಎಣಿಸೂ ಮುಂದ ನಾ ಒಂದು ಹತ್ತಿಪ್ಪತ್ತು ಹಿಂಗೇ ಸಡಿಲ ಮಾಡ್ತಿದ್ದೆ. ನಿಮಗ ಗೊತ್ತೇ ಅದ ಅಂತ ತಿಳದಿದ್ದೆ ನಾ."

ಶಾರದಾಬಾಯಿ ಕೂತಲ್ಲೇ ಕೂತರು. ಚಾಕಿನ ತುಂಡಿಗೂ ಲೆಕ್ಕ ಕೇಳುವ ತಮ್ಮ ಕಣ್ಣೆದುರೇ, ತಮ್ಮದೇ ನಿಯಮದ ಬಾಗಿಲಿನಿಂದ, ವರ್ಷ ವರ್ಷವೂ ಇವನು ರಾಜಾರೋಷವಾಗಿ ಹಾದು ಹೋಗಿದ್ದ. ಹುಡುಗರು ಕುರ್ಚಿ ಮುರಿಯುತ್ತಾರೆ ಎಂದು ಬಾಯಿ ಪಾಪ ಎಷ್ಟೋ ಹುಡುಗರನ್ನು ಬೈದಿದ್ದರು. ಅವರಿಗೆ ಸಿಟ್ಟೂ ಬಂತು, ನಗುವೂ ಬಂತು. ಕೂಲಿಯ ಲೆಕ್ಕ ಆಮೇಲೆ ನೋಡಿದರಾಯಿತು. ಕುರ್ಚಿ ಹೋದರೆ ಇಮಾಮ್‌ಬೀಗೆ ಕೊಟ್ಟ ಮಾತು ಹೋಗುತ್ತದೆ.

"ಮನಿಗೆ ಹೋಗು. ಲಿಲಾವಿನ ದಿನ ಇಮಾಮ್‌ಬೀನ್ನೂ ಕರಕೊಂಡು ಬಾ" ಎಂದರು ಕೊನೆಗೆ.

ಲಿಲಾವಿಗೆ, ಅಂದರೆ ಹರಾಜಿಗೆ, ಮೂವರು ಕೂಗುವವರು ಇರಲೇಬೇಕು ಎಂಬುದು ನಿಯಮ. ಕಟ್ಟಿಗೆ ಅಡ್ಡೆಯವನೊಬ್ಬ ಬಂದಿದ್ದ. ಅವನಿಗೆ ಕುರ್ಚಿ ಎಂದರೆ ಒಲೆಯ ಸೌದೆ. ಖಾಜಾ ಎರಡನೆಯವನು, ಕುರ್ಚಿ ಅವನ ಪಾಲಾದರೆ ಅದರ ಕೆಲಸವೂ ಅವನದೇ ಎಂಬುದು ಶಾರದಾಬಾಯಿಯ ಲೆಕ್ಕ. ಮೂರನೆಯವಳಾಗಿ ಇಮಾಮ್‌ಬೀಯನ್ನು ನಿಲ್ಲಿಸಿ ಶಾರದಾಬಾಯಿ ಕಿವಿಯಲ್ಲಿ ಹೇಳಿದ್ದರು: "ಹಿಂದಿನವರು ಕೂಗಿದ್ದಕ್ಕಿಂತ ಒಂದು ಚೂರು ಜಾಸ್ತಿ ಕೂಗಬೇಕು, ತಿಳೀತಾ?" ಇಮಾಮ್‌ಬೀಗೆ ತಿಳಿಯಿತು, ಚೆನ್ನಾಗಿಯೇ ತಿಳಿಯಿತು. ಅಡ್ಡೆಯವನು ಎರಡು ಸಲ ಕೂಗಿ, ಮಳೆಯಲ್ಲಿ ನೆನೆದ ಕಟ್ಟಿಗೆ ಇಷ್ಟಕ್ಕೆ ಯಾಕೆ ಎಂದು ಸುಮ್ಮನಾದ. ಖಾಜಾ ಅವನಿಗಿಂತ ಜಾಸ್ತಿ ಕೂಗಿದ. ಅಲ್ಲಿಗೆ ಮುಗಿಯಬೇಕಿತ್ತು. ಇಮಾಮ್‌ಬೀ ಗಂಡನಿಗಿಂತ ಜಾಸ್ತಿ ಕೂಗಿದಳು. ಖಾಜಾ ಕಣ್ಣು ಕೆಕ್ಕರಿಸಿ ಮತ್ತೆ ಕೂಗಿದ. ಇಪ್ಪತ್ತು ವರ್ಷದಿಂದ ಅವನ ಮಾತಿನ ಮೇಲೆ ಮಾತಾಡಲು ಸಿಗದ ಸಂದರ್ಭ ಇವತ್ತು ಸರ್ಕಾರಿ ರೀತಿಯಲ್ಲಿ ಸಿಕ್ಕಿತ್ತು. ಅವಳು ಬಿಡುತ್ತಾಳೆಯೇ? ಸೆರಗು ಸರಿ ಮಾಡಿಕೊಂಡು ಇನ್ನೂ ಜಾಸ್ತಿ ಕೂಗಿದಳು. ಗಂಡ ಹೆಂಡತಿಯ ಲಿಲಾವು ಮುಗಿಲಿಗೆ ಏರುವ ಮೊದಲು ಶಾರದಾಬಾಯಿ ಜೋರಾಗಿ ಕೆಮ್ಮಬೇಕಾಯಿತು.

"ಏನು ಬಾಯಾರ, ನೀವೇ ಹೇಳಿದ್ರಲ್ಲ" ಎಂದಳು ಇಮಾಮ್‌ಬೀ ಆಮೇಲೆ.

"ಹೇಳಿದ್ದು ನಂದೇ ತಪ್ಪು. ಈ ಊರಾಗ ಹೇಳಿದ್ದು ಹೇಳಿದಂಗ ಮಾಡವರು ನೀವು ಗಂಡ ಹೆಂಡತಿ ಇಬ್ಬರೇ" ಎಂದರು ಬಾಯಿ.

ಒಟ್ಟಿನಲ್ಲಿ ಕಾಲೇಜಿನ ಕುರ್ಚಿಗಳು ಇಮಾಮ್‌ಬೀಯ ಹೆಸರಿಗೆ ಆದವು. ಕೈಗಾಡಿಯ ಮೇಲೆ ಓಣಿಗೆ ಹೋದವು. ಅಲ್ಲಿ ಖಾಜಾ ಕೊಡತಿ ತೆಗೆದುಕೊಂಡು ಬೆಣೆಗಳನ್ನು ಒಳಗೆ ಹೊಡೆದ, ಸಡಿಲಾದ ಬೆತ್ತ ಬಿಗಿದ, ಎಣ್ಣೆ ಒರೆಸಿದ. ಈ ಬಾರಿ ಸ್ವಂತ ಮಾಲು. ಆದ್ದರಿಂದ ಕೆಲಸ ನಿಯತ್ತಿನದಾಗಿತ್ತು.

ಪ್ಲಾಸ್ಟಿಕ್ ಕುರ್ಚಿಗಳ ಲಾರಿ ಹೊರಟಿತು. ಅಷ್ಟರಲ್ಲಿ ಕಾಗಿಣಾ ಹೊಳೆ ತುಂಬಿತು. ಸೇತುವೆಯ ಮೇಲೆ ನೀರು ಹರಿಯತೊಡಗಿ, ಹಸಿರು ಕೆಂಪು ಕುರ್ಚಿಗಳೆಲ್ಲ ಆಚೆ ದಂಡೆಯಲ್ಲಿ ತಾಡಪತ್ರಿಯ ಕೆಳಗೆ ಕೂತವು. ದರ್ಜೆ ಕೊಡುವ ತಂಡದವರಿಗೆ ಹೊಳೆಯ ಹಂಗಿಲ್ಲ, ಅವರು ರೈಲಿನಲ್ಲಿ ವಾಡಿಗೆ ಬಂದು ಇಳಿದೇ ಬಿಟ್ಟರು. ನಾಳೆ ಬೆಳಿಗ್ಗೆ ಕಾಲೇಜಿಗೆ ಬರುವವರು. ಹಾಲಿನಲ್ಲಿ ಕೂರಲು ನೆಲವೊಂದೇ ಇತ್ತು. ಪ್ರಿನ್ಸಿಪಾಲರು ಶಾಮಿಯಾನದವನಿಗೆ ಫೋನು ಮಾಡಿದರೆ, ಶಹಾಬಾದದಲ್ಲಿ ದೊಡ್ಡ ಸಭೆಯಿದೆ, ಊರ ಬಾಡಿಗೆ ಕುರ್ಚಿಗಳೆಲ್ಲ ಅಲ್ಲಿಗೆ ಹೋಗಿವೆ ಎಂದ. ಇಸ್ತ್ರಿ ಅಂಗಿ ಬೆವರಿಗೆ ಮೈಗಂಟಿಕೊಂಡ ಪ್ರಿನ್ಸಿಪಾಲರು ಮೊದಲ ಬಾರಿಗೆ ತಾವೇ ಸ್ಟೋರಿನ ಕಿಟಕಿಗೆ ಬಂದರು.

"ಬಾಯಿ, ಎಲ್ಲ್ಯಾದರೂ ಕುರ್ಚಿ ಸಿಗ್ತಾವೇನ್ರಿ?"

ಬಾಯಿ "ಹಳೇವು ಎಲ್ಲವ" ಎನ್ನಲಿಲ್ಲ. ಎನ್ನುವುದಕ್ಕೆ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡರು. "ಹಿಂದಿನ ಓಣಿಯೊಳಗ ಇಮಾಮ್‌ಬೀ ಅಂತ ಒಬ್ಬಾಕಿ ಇದ್ದಾಳ. ಹೊಸಾದಾಗಿ ಬಾಡಿಗಿ ಧಂದೆ ಚಾಲೂ ಮಾಡ್ಯಾಳ. ಕೇಳಿ ನೋಡ್ರಿ" ಎಂದರು.

ಕುರ್ಚಿಗಳು ಹೋದ ಕೈಗಾಡಿಯ ಮೇಲೆಯೇ ತಿರುಗಿ ಬಂದವು. ಅವನ್ನು ನೋಡಿ ಪ್ರಿನ್ಸಿಪಾಲರು ಬಾಯಿ ತೆರೆದರು, ಶಾರದಾಬಾಯಿಯ ಮುಖ ನೋಡಿದರು, ಮತ್ತೆ ಬಾಯಿ ಮುಚ್ಚಿಕೊಂಡರು. ಬುದ್ಧಿವಂತರೇ ಅವರು. ಎಣ್ಣೆ ಕುಡಿದ ಸಾಗವಾನಿ ಹೊಳೆಯುತ್ತಿತ್ತು.

ತಂಡದ ಮುಖ್ಯಸ್ಥೆಯಾಗಿದ್ದ ಹಿರಿಯ ಹೆಂಗಸು ಕುರ್ಚಿಯಲ್ಲಿ ಕೂತು, ತೋಳ ಮೇಲೆ ಕೈಯಾಡಿಸಿ, ಪಕ್ಕದ ಖಾಲಿ ಕುರ್ಚಿಯನ್ನು ಬಗ್ಗಿಸಿ ಅಡಿಯಲ್ಲಿ ನೋಡಿದರು. ಕಾಲೇಜಿನ ಹೆಸರು ಬಿಳಿ ಬಣ್ಣದಲ್ಲಿ ಮಾಸಿ ಉಳಿದಿತ್ತು.

"ಎಷ್ಟು ಹಳೆಯ ಕುರ್ಚಿಗಳು ಇವು! ಹೇಗೆ ಉಳಿಸಿಕೊಂಡಿರಿ?"

ಪ್ರಿನ್ಸಿಪಾಲರು ಎದ್ದು ನಿಂತರು. ಗಂಟಲು ಸರಿ ಮಾಡಿಕೊಂಡರು. "ನಮ್ಮಲ್ಲಿ ಒಂದು ನೀತಿ ಇದೆ ಮೇಡಂ. ಹಳೆಯದನ್ನು ತಂದು ತೋರಿಸದೆ ಹೊಸದನ್ನು ಕೊಡುವುದಿಲ್ಲ. ರಿಪೇರಿ ಆಗುವುದನ್ನು ಬಿಸಾಡುವುದಿಲ್ಲ. ಹತ್ತಿರದಲ್ಲಿ ಸಿಗುವುದನ್ನು ದೂರದಿಂದ ತರಿಸುವುದಿಲ್ಲ. ಇದು ನಮ್ಮ ಸಂಸ್ಥೆಯ ಬಹುಕಾಲದ ಚಿಂತನೆ."

ಬಾಗಿಲ ಬಳಿ ನಿಂತ ಮಾಳಮ್ಮ ಶಾರದಾಬಾಯಿಯ ಪಕ್ಕೆಗೆ ತಿವಿದಳು. ಬಾಯಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಸುಮ್ಮನಿರಿಸಿದರು. ಮಧ್ಯಾಹ್ನದ ಊಟ ಚಿಂಚೋಳಿ ಅಡವಿಯ ಮುತ್ತಲ ಎಲೆಯ ಪತ್ರಾವಳಿಯಲ್ಲಿ ಆಯಿತು, ನೀರು ರಂಜಣಗಿಯದು. ಆ ಹಿರಿಯ ಹೆಂಗಸು, ಇದಕ್ಕೆ ಈಗ ಸುಸ್ಥಿರ ಖರೀದಿ ಎನ್ನುತ್ತಾರೆ, ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಇನ್ನೂ ಸಭೆ ಕರೆಯುತ್ತಿವೆ, ನೀವು ಮಾಡಿಯೇ ಬಿಟ್ಟಿದ್ದೀರಿ ಎಂದರು. ವರದಿಯಲ್ಲಿ ಕುರ್ಚಿಗಳನ್ನು ಹೊಗಳಿ ಒಂದು ಪ್ಯಾರಾ ಬಂತು.

ಈಗ ಪ್ರಿನ್ಸಿಪಾಲರಿಗೆ ಪೇಚು. ಹೊಗಳಿಸಿಕೊಂಡ ಕುರ್ಚಿಗಳು ಓಣಿಯಲ್ಲಿ ಇಮಾಮ್‌ಬೀಯ ಸ್ವತ್ತು. ಹೊಳೆ ಇಳಿದು ಬಂದ ಲಾರಿಯನ್ನು ಅವರು ಮಾಲು ಇಳಿಸದೆ ತಿರುಗಿಸಿದರು. ಅದಕ್ಕೆ ಅವರು ಯಾರ ಯಾರ ಕಾಲು ಹಿಡಿದರು ಎಂಬುದು ಬೇರೆ ಕಥೆ. ಆಮೇಲೆ ಮತ್ತೆ ಸ್ಟೋರಿನ ಕಿಟಕಿಗೆ ಬಂದರು. ಶಾರದಾಬಾಯಿ ನಡುವೆ ನಿಂತು ಕರಾರು ಮಾಡಿಸಿದರು. ಇಮಾಮ್‌ಬೀ ಲಿಲಾವಿನಲ್ಲಿ ಕೊಟ್ಟಷ್ಟನ್ನೇ ಅವಳಿಗೆ ಕೊಟ್ಟು ಕುರ್ಚಿ ವಾಪಸು ತರಬೇಕು. ಇನ್ನು ಮುಂದೆ ಹಾಲಿಗೆ ಹೊಸ ಕುರ್ಚಿ ಕೊಳ್ಳುವ ಹಾಗಿಲ್ಲ, ಪ್ರತಿ ಬೇಸಿಗೆ ಖಾಜಾ ರಿಪೇರಿ ಮಾಡಬೇಕು, ಮುರಿದಷ್ಟಕ್ಕೆ ಕೂಲಿ. ಪ್ರಿನ್ಸಿಪಾಲರು ಓದದೇ ಸಹಿ ಮಾಡಿದರು.

ಖಾಜಾನನ್ನು ಶಾರದಾಬಾಯಿ ಬೇರೆಯಾಗಿ ಕರೆದು ನಿಲ್ಲಿಸಿಕೊಂಡರು.

"ಇನ್ನ ಮ್ಯಾಲ ಕುರ್ಚಿ ತಾವಾಗೇ ಮುರೀಬೇಕು. ನೀ ಕೈ ಹಚ್ಚಬಾರದು. ಆಣಿ ಮಾಡು."

ಖಾಜಾ ಮಕ್ಕಳ ತಲೆಯ ಮೇಲೆ ಕೈಯಿಟ್ಟಷ್ಟು ಗಂಭೀರವಾಗಿ ಆಣೆ ಮಾಡಿದ. ಮಾಡಿದ್ದನ್ನು ನಡೆಸಿದ ಕೂಡ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು ಎಂದು ಬಾಯಿಯೇ ಸರ್ಟಿಫಿಕೇಟು ಕೊಟ್ಟಿದ್ದರಲ್ಲ.

ಮುಂದಿನ ಬೇಸಿಗೆ ಬಂತು. ಪರೀಕ್ಷೆ ಮುಗಿದು ಹುಡುಗರು ಹೋದರು. ಹಾಲಿನ ಕಿಟಕಿಗಳಿಂದ ಬೆಂಕಿಯಂಥ ಗಾಳಿ ಬರುತ್ತಿತ್ತು. ಶಾರದಾಬಾಯಿ ಸೀರೆಯ ನೆರಿಗೆ ಎತ್ತಿ ಕಟ್ಟಿ ಕುರ್ಚಿಗಳನ್ನು ಎಣಿಸಿದರು. ಒಂದೊಂದನ್ನೂ ಅಲುಗಾಡಿಸಿದರು, ಕೆಲವಕ್ಕೆ ಒದ್ದೂ ನೋಡಿದರು. ಒಂದೂ ಮುರಿದಿರಲಿಲ್ಲ. ಸ್ವಂತ ಮಾಲೆಂದು ಖಾಜಾ ಅಷ್ಟು ಗಟ್ಟಿಯಾಗಿ ಬೆಣೆ ಹೊಡೆದಿದ್ದ. ಅಮೀರ್ ಅಲಿ ಇಡೀ ವರ್ಷ ಕೂತು ಪಾಠ ಮಾಡಿದ್ದ ಕುರ್ಚಿ ಕೂಡ ಕಿರ್ ಎನ್ನಲಿಲ್ಲ.

ಅವರಿಗೆ ಮೊದಲು ಹೆಮ್ಮೆಯಾಯಿತು. ಆಮೇಲೆ ಇಮಾಮ್‌ಬೀಯ ಮುಖ ಕಣ್ಣ ಮುಂದೆ ಬಂತು. ಮುರಿದದ್ದಿಲ್ಲ ಎಂದರೆ ಕೂಲಿಯಿಲ್ಲ. ಕರಾರು ಬರೆಸಿದವರು ತಾವೇ, ಆಣೆ ಹಾಕಿಸಿದವರೂ ತಾವೇ. ಮುಗಿಲ ಅಂಚಿನಲ್ಲಿ ಆಗಲೇ ಒಂದೆರಡು ಮೋಡ ಕಾಣುತ್ತಿದ್ದವು.

ಶಾರದಾಬಾಯಿ ಹೋಗಿ ಹಾಲಿನ ಬಾಗಿಲು ಹಾಕಿಕೊಂಡರು. ಕಪಾಟಿನಿಂದ ಸ್ಟೋರಿನ ದೊಡ್ಡ ಕೊಡತಿ ತೆಗೆದರು. ಸವೆದ ಚಾಕ್‌ಪೀಸನ್ನೂ ಬಿಡದ ಆ ಕೈ, ಕಾಲೇಜಿನ ಸ್ವತ್ತಿನ ಮೊದಲ ಬೆಣೆಗೆ ಮೆಲ್ಲಗೆ ಒಂದು ಏಟು ಹಾಕಿತು. ಎರಡನೆಯದಕ್ಕೆ ಜೋರಾಗಿಯೇ ಹಾಕಿತು. ಬೇಲಿಯೇ ಎದ್ದು ಹೊಲ ಮೇಯತೊಡಗಿದರೆ ಅದಕ್ಕೂ ಒಂದು ರುಚಿ ಹತ್ತುತ್ತದೆ.

ಮರುದಿನ ಖಾಜಾ ಬಂದು ಬೇವಿನ ನೆರಳಲ್ಲಿ ಕೂತ. ಮೊದಲ ಕುರ್ಚಿಯನ್ನು ತಿರುವಿ ನೋಡಿದ. ಬೆಣೆ ಸೊಟ್ಟಗೆ ಬಿಟ್ಟಿತ್ತು, ಪಕ್ಕದ ಮರಕ್ಕೆ ಏಟು ಬಿದ್ದು ಗಾಯವಾಗಿತ್ತು. ಎರಡನೆಯದೂ ಹಾಗೇ. ಇದು ಹುಡುಗರ ಕೆಲಸವಲ್ಲ, ಬಡಗಿಯ ಕೆಲಸವಂತೂ ಅಲ್ಲ. ಅವನು ತಲೆಯೆತ್ತಿ ಸ್ಟೋರಿನ ಕಿಟಕಿಯ ಕಡೆ ನೋಡಿದ. ಅಲ್ಲಿ ಶಾರದಾಬಾಯಿ ಹೆಬ್ಬೆರಳಿಗೆ ಅರಿಶಿಣದ ಬಟ್ಟೆ ಸುತ್ತಿಕೊಂಡು ಕೂತಿದ್ದರು.

"ಈ ಸಾರಿ ಕುರ್ಚಿ ಭಾಳ ಕೆಟ್ಟ ರೀತಿಲೆ ಮುರದಾವ್ರಿ ಬಾಯಾರ" ಎಂದ ಖಾಜಾ.

"ಈಗಿನ ಹುಡುಗರು ಕುಂದ್ರೂದೇ ಹಂಗ" ಎಂದರು ಬಾಯಿ, ಬೆರಳನ್ನು ಸೆರಗಿನ ಒಳಗೆ ಎಳೆದುಕೊಂಡು.

ಮಧ್ಯಾಹ್ನ ಖಾಜಾ ಊಟಕ್ಕೆ ಮನೆಗೆ ಹೋಗುವಾಗ ಕಿಟಕಿಯ ಬಳಿ ನಿಂತು, ತನ್ನ ಸಣ್ಣ ಕೊಡತಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟ.

"ಇದು ಇಟಗೋರ್ರಿ. ಮುಂದಿನ ವರ್ಷಕ್ಕ ಹಗುರ ಆಗ್ತದ, ಬೆರಳಿಗೆ ಬಡಿಯೂದಿಲ್ಲ."

ಶಾರದಾಬಾಯಿ ಕೊಡತಿಯನ್ನು ನೋಡಿದರು, ಖಾಜಾನನ್ನು ನೋಡಿದರು. ಆಮೇಲೆ ಮೇಜಿನ ಕೆಳಗಿನಿಂದ ಸ್ಟೋರಿನ ದೊಡ್ಡ ಕೊಡತಿಯನ್ನು ತೆಗೆದು ಅವನ ಕೈಗೆ ಕೊಟ್ಟರು. ಹೊಸದು ತೆಗೆದುಕೊಂಡ ಮೇಲೆ ಹಳೆಯದನ್ನು ಕೊಡಲೇಬೇಕಲ್ಲ.